ಪ್ಲೇ ಒತ್ತಿದ್ದು ವಿದ್ಯಾರ್ಥಿ, ಬಿಲ್ ಬಂದಿದ್ದು ಲೈಬ್ರರಿಗೆ

ಅಮೆರಿಕದ ಒಂದು ಯೂನಿವರ್ಸಿಟಿ ಹಾಸ್ಟೆಲ್ ಅಂದುಕೊಳ್ಳಿ. ರಾತ್ರಿ ಊಟ ಮುಗಿಸಿದ ವಿದ್ಯಾರ್ಥಿಯೊಬ್ಬ ಕ್ಯಾನಪಿ ಅನ್ನೋ ವಿಡಿಯೊ ಸೇವೆ ತೆರೆದು ಒಂದು ಸಾಕ್ಷ್ಯಚಿತ್ರ ಹಾಕಿಕೊಳ್ಳುತ್ತಾನೆ. ಅವನಿಗೆ ಅದು ಫ್ರೀ. ಆದರೆ 30 ಸೆಕೆಂಡು ಓಡಿದರೆ ಒಂದು ಲೆಕ್ಕ. ಅಂಥ ನಾಲ್ಕು ಲೆಕ್ಕ ಆದ ಕೂಡಲೇ ಆ ಚಿತ್ರದ ಒಂದು ವರ್ಷದ ಲೈಸೆನ್ಸ್ ಲೈಬ್ರರಿಯ ತಲೆಗೆ ಬೀಳುತ್ತಿತ್ತು. ಸುಮಾರು 150 ಡಾಲರ್. ಚಿತ್ರ ಬೇಕೆಂದು ಮೇಷ್ಟ್ರು ಕೇಳಿರಲಿಲ್ಲ, ಲೈಬ್ರರಿಯನ್ ನೋಡಿಯೂ ಇರಲಿಲ್ಲ. ಹಾಗಾದರೆ ಆರಿಸಿದ್ದು ಯಾರು?

16 ಎಂಎಂ ರೀಲುಗಳ ಕಾಲದಲ್ಲಿ ಈ ಗೊಂದಲ ಇರಲಿಲ್ಲ. ಎಷ್ಟೋ ಕಡೆ ರೀಲು, ಪ್ರೊಜೆಕ್ಟರ್ ಎಲ್ಲ ಬೇರೆ ವಿಭಾಗದ್ದು, ಲೈಬ್ರರಿಗೆ ಪುಸ್ತಕ ಮಾತ್ರ. ರೀಲು ದುಬಾರಿ. ಮೇಷ್ಟ್ರು ಹೇಳಿದ್ದು ಬಾಡಿಗೆಗೆ ಬರುತ್ತಿತ್ತು, ಪಾಠ ಮುಗಿದ ಮೇಲೆ ವಾಪಸ್ ಹೋಗುತ್ತಿತ್ತು.

ವಿಎಚ್‌ಎಸ್ ಕ್ಯಾಸೆಟ್ ಬಂದ ಮೇಲೆ ಚಿತ್ರಗಳು ಲೈಬ್ರರಿ ಕಪಾಟಿಗೆ ಬಂದವು. 1988ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನಲ್ಲಿ ವಿಡಿಯೊಗೆಂದೇ ಒಂದು ಬಳಗ ಹುಟ್ಟಿತು. ಕೊಂಡ ಕ್ಯಾಸೆಟ್ ಲೈಬ್ರರಿಯದೇ ಆಸ್ತಿ. ಅಲ್ಲಿನ ಕಾನೂನಿನ ಪ್ರಕಾರ ಎಷ್ಟು ಜನಕ್ಕೆ ಬೇಕಾದರೂ ಎರವಲು ಕೊಡಬಹುದು. ಹಾಗಾಗಿ ಆರಿಸುವಾಗ ನಾಲ್ಕು ಮಾತು ನಡೆಯುತ್ತಿತ್ತು. ಮೇಷ್ಟ್ರಿಗೆ ಈ ಸೋಮವಾರದ ಕ್ಲಾಸಿಗೆ ಬೇಕು. ಲೈಬ್ರರಿಯನ್‌ಗೆ ಬೇರೆ ಚಿಂತೆ: ಇನ್ನೊಂದು ವಿಭಾಗಕ್ಕೂ ಉಪಯೋಗ ಆಗುತ್ತಾ? ಕಿವಿ ಕೇಳದವರು ಓದಿಕೊಳ್ಳಲು ಚಿತ್ರದ ಮಾತು ಪರದೆ ಮೇಲೆ ಅಕ್ಷರದಲ್ಲಿ ಬರುತ್ತಾ? ಹತ್ತು ವರ್ಷ ಬಿಟ್ಟು ಯಾರಾದರೂ ನೋಡುತ್ತಾರಾ? ಈ ಜಗ್ಗಾಟ ಒಳ್ಳೆಯದೇ ಆಗಿತ್ತು ಅನ್ನುವುದು ನನ್ನ ನಂಬಿಕೆ.

ಸ್ಟ್ರೀಮಿಂಗ್ ಬಂದು ಆಸ್ತಿ ಹೋಯಿತು, ಬಾಡಿಗೆ ಉಳಿಯಿತು. ಡಿವಿಡಿಗಳನ್ನು ತಾನೇ ಆನ್‌ಲೈನ್‌ನಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿದ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಯೂನಿವರ್ಸಿಟಿ ಮೇಲೆ 2010ರ ಡಿಸೆಂಬರಿನಲ್ಲಿ ಕಾಪಿರೈಟ್ ಕೇಸೇ ಬಿತ್ತು. ಮುಂದೆ ಕೋರ್ಟ್ ಅದನ್ನು ವಜಾ ಮಾಡಿತು. ಆದರೂ ಉಳಿದ ಲೈಬ್ರರಿಗಳ ಭಯ ಪೂರ್ತಿ ಹೋಗಲಿಲ್ಲ.

2008ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಕ್ಯಾನಪಿ ಅಮೆರಿಕಕ್ಕೂ ಬಂತು. ನೋಡಿದ್ದಕ್ಕಷ್ಟೇ ದುಡ್ಡು ಅಂದಾಗ ಲೈಬ್ರರಿಯವರಿಗೆ ಖುಷಿಯಾಗಿದ್ದು ಸಹಜ. ಪಿಟ್ಸ್‌ಬರ್ಗ್ ಯೂನಿವರ್ಸಿಟಿಯ ಹಳೆಯ ಲೆಕ್ಕ ಎಲ್ಲರಿಗೂ ನೆನಪಿತ್ತು. 1969ರಲ್ಲಿ ಅಲ್ಲಿ ಕೊಂಡ ಪುಸ್ತಕಗಳಲ್ಲಿ ಹತ್ತಿರ ಹತ್ತಿರ ಶೇ. 40ರಷ್ಟನ್ನು 1975ರವರೆಗೂ ಯಾರೂ ಎರವಲು ತೆಗೆದುಕೊಂಡಿರಲಿಲ್ಲ. ಸುಮ್ನೆ ಊಹೆ ಮಾಡಿ ಕೊಳ್ಳುವುದಕ್ಕಿಂತ ಓದುಗರೇ ಆರಿಸಲಿ ಅನ್ನುವ ಮಾತಿನಲ್ಲಿ ನ್ಯಾಯ ಇತ್ತು ಅಲ್ವಾ?

ಆದರೆ ಅರ್ಧ ನಿಮಿಷ ಇಣುಕಿದ್ದಕ್ಕೂ ಲೆಕ್ಕ ಸೇರುತ್ತಿತ್ತು. ಬಿಲ್ ಏರುತ್ತಲೇ ಹೋಯಿತು. ವರ್ಷ ಕಳೆದರೆ ಚಿತ್ರವೂ ಕೈಯಲ್ಲಿ ಇಲ್ಲ. ಆ ದುಡ್ಡು ಎಷ್ಟೋ ಪುಸ್ತಕಗಳಿಗೆ ಆಗುತ್ತಿತ್ತು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಎಷ್ಟೋ ಯೂನಿವರ್ಸಿಟಿಗಳು ಆ ಬಾಗಿಲನ್ನು ಅರ್ಧ ಮುಚ್ಚಿದವು. ಈಗ ಲೈಸೆನ್ಸ್ ಇಲ್ಲದ ಚಿತ್ರದ ಮೇಲೆ ಒತ್ತಿದರೆ ಒಂದು ಫಾರ್ಮ್ ತೆರೆಯುತ್ತದೆ. ಯಾವ ಪಾಠಕ್ಕೆ, ಯಾವ ದಿನದೊಳಗೆ ಬೇಕು ಅಂತ ಕೇಳುತ್ತದೆ. ಅದು ಲೈಬ್ರರಿಯನ್ ಮೇಜಿಗೆ ಹೋಗುತ್ತದೆ. ಅವರು ಮೊದಲು ಕಪಾಟಿನಲ್ಲಿ ಆ ಚಿತ್ರದ ಡಿವಿಡಿ ಇದೆಯಾ ಅಂತ ನೋಡುತ್ತಾರೆ. ಆಮೇಲೆ ಮೇಷ್ಟ್ರಿಗೆ ಬರೆದು ಕೇಳುತ್ತಾರೆ: ಮುಂದಿನ ವರ್ಷವೂ ಇದನ್ನು ತೋರಿಸುತ್ತೀರಾ?