ಹೆಸರು ಬರೆಸಿದ್ದಾಯಿತು, ಥೆರಪಿ ಯಾವಾಗ?

"ಹೆಸರು ಬರೆಸಿದ್ದೀವಿ ಮೇಡಂ, ಇನ್ನೇನು ಕರೀತಾರೆ." ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಹೇಳುವಾಗ ಅವರ ಮುಖದಲ್ಲಿ ಒಂದು ನಿರಾಳ ಇರುತ್ತದೆ, ಅರ್ಧ ಕೆಲಸ ಮುಗಿಯಿತು ಅನ್ನುವ ಹಾಗೆ. ಅಧಿಕಾರಿಗಳ ಸಭೆಗೆ ಹೋದರೆ ಇದೇ ಮಾತು ಬೇರೆ ವೇಷದಲ್ಲಿ ಬರುತ್ತದೆ: "ಪತ್ತೆಯಾದ ಎಲ್ಲ ಮಕ್ಕಳ ನೋಂದಣಿ ಆಗಿದೆ." ಅಲ್ಲೂ ಅದೇ ನಿರಾಳ. ಮಗುವಿಗೆ ಮಾತ್ರ ಇನ್ನೂ ಏನೂ ಸಿಕ್ಕಿರುವುದಿಲ್ಲ.

ನಾನು ಸ್ಪೀಚ್ ಥೆರಪಿಸ್ಟ್. ಆಟಿಸಂ ಎಂದರೇನು, ಲಕ್ಷಣಗಳೇನು ಎಂದು ಇಲ್ಲಿ ಬರೆಯುವುದಿಲ್ಲ. ಅದು ಈಗ ಎಲ್ಲ ಕಡೆ ಓದಲು ಸಿಗುತ್ತದೆ. ನನಗೆ ಹೇಳಬೇಕಿರುವುದು ಸರದಿಯ ಬಗ್ಗೆ. ಪಟ್ಟಿಯಲ್ಲಿ ಎಷ್ಟು ಹೆಸರಿವೆ ಎಂದು ಎಣಿಸಿದರೆ ಮಕ್ಕಳು ಎಷ್ಟು ಕಾದರು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಒಂದೊಂದು ಮಗುವಿಗೂ ಎರಡು ತಾರೀಖು ಬೇಕು. ಒಂದು, ಯಾರಾದರೂ ಮೊದಲ ಸಲ ಅನುಮಾನ ಪಟ್ಟು ಬರೆದ ದಿನ. ಇನ್ನೊಂದು, ಥೆರಪಿಸ್ಟ್ ಆ ಮಗುವಿನ ಜೊತೆ ಕೂತು ಕೆಲಸ ಶುರು ಮಾಡಿದ ದಿನ. ಇವೆರಡರ ನಡುವೆ ಹೋದದ್ದೇ ಮಗು ಕಾದ ಸಮಯ.

ಇದು ತೀರಾ ಸರಳ ಅನ್ನಿಸಬಹುದು. ಆದರೂ ಇದನ್ನೇ ಎಷ್ಟು ಸಲ ಹೇಳಿದರೂ ತಲುಪುತ್ತಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಬ್ಬ ಅಪ್ಪ, ಆಟೋ ಓಡಿಸುವವರು, ಮಗನ ಆಸ್ಪತ್ರೆ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು. ನಾನು ಕೇಳುವ ಮೊದಲೇ ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದರು. ಮಗುವಿಗೆ ಎರಡು ವರ್ಷ ಇದ್ದಾಗ ಅಂಗನವಾಡಿಗೆ ಬಂದಿದ್ದ ಆರೋಗ್ಯ ತಂಡ "ಹೆಸರು ಕರೆದರೆ ತಿರುಗುವುದಿಲ್ಲ" ಎಂದು ಬರೆದಿತ್ತು. ಅಲ್ಲಿಂದ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಕಿವಿ ಪರೀಕ್ಷೆಗೆ ಇನ್ನೊಂದು ಊರು. ಕಿವಿ ಸರಿ ಇದೆ ಎಂಬ ವರದಿ ಕೈಗೆ ಬರುವಾಗ ಮಳೆಗಾಲ ಕಳೆದಿತ್ತು. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಅಸೆಸ್‌ಮೆಂಟ್‌ಗೆ ದಿನ ಕೊಟ್ಟರು. ಆ ದಿನ ಡಾಕ್ಟರು ರಜೆಯಲ್ಲಿದ್ದರು, ಮತ್ತೊಂದು ದಿನ ಸಿಕ್ಕಿತು. ಕೊನೆಗೆ ಥೆರಪಿ ಕೇಂದ್ರಕ್ಕೆ ಚೀಟಿ. ಮೊದಲ ಸೆಷನ್ ಆದಾಗ ಮಗುವಿಗೆ ನಾಲ್ಕು ವರ್ಷ ಮೂರು ತಿಂಗಳು.

ಆ ಕೇಂದ್ರದ ರಿಜಿಸ್ಟರಿನ ಪ್ರಕಾರ ಈ ಮಗು ಕಾದದ್ದು ಐದು ವಾರ.

ಯಾರೂ ಸುಳ್ಳು ಬರೆದಿರಲಿಲ್ಲ. ಕಿವಿ ಪರೀಕ್ಷೆಯವರ ಲೆಕ್ಕ ಅವರ ಬಾಗಿಲಲ್ಲಿ ಶುರುವಾಗಿ ಅಲ್ಲೇ ಮುಗಿಯಿತು. ಅಸೆಸ್‌ಮೆಂಟ್ ಮಾಡಿದವರದ್ದೂ ಹಾಗೆಯೇ. ಪ್ರತಿ ಬಾಗಿಲಲ್ಲೂ ಮಗು ಹೊಸದಾಗಿ ಬಂದ ಮಗು. ಎರಡು ವರ್ಷಕ್ಕೂ ಹೆಚ್ಚು ಕಾಲ ಹೋದದ್ದು ಯಾವ ಕಚೇರಿಯ ಕಾಗದದಲ್ಲೂ ಇರಲಿಲ್ಲ. ಇದ್ದದ್ದು ಆ ಅಪ್ಪನ ಕವರಿನಲ್ಲಿ ಮಾತ್ರ. ಮೇಲಿನಿಂದ ಪರಿಶೀಲನೆಗೆ ಬರುವವರು ಕೇಳಬೇಕಾದದ್ದು ಆ ಕವರನ್ನು. ಅವರು ನೋಡುವುದು ರಿಜಿಸ್ಟರನ್ನು.

ವ್ಯವಸ್ಥೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆಗೆ ಇರುವುದು. ಅದರ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಬೇಕು. ತೊಂದರೆ ಕಂಡ ಮಕ್ಕಳನ್ನು ನೋಡಿಕೊಳ್ಳಲು ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂದು ಕರೆಯುವ ಕೇಂದ್ರಗಳಿವೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಕಲತೆಗಳಲ್ಲಿ ಅದೂ ಸೇರಿತು. ಇದೆಲ್ಲ ದೊಡ್ಡ ಹೆಜ್ಜೆಯೇ.

ಆದರೆ ಅದೇ 2016ರ ಕಾಯ್ದೆಯನ್ನು ಸ್ವಲ್ಪ ನಿಧಾನವಾಗಿ ಓದಿ. 25ನೇ ಸೆಕ್ಷನ್ನಿನಲ್ಲಿ, ತೊಂದರೆಯ ಸಾಧ್ಯತೆ ಇರುವ ಮಕ್ಕಳನ್ನು ಗುರುತಿಸಲು ಎಲ್ಲ ಮಕ್ಕಳನ್ನೂ ವರ್ಷಕ್ಕೆ ಒಂದು ಸಲವಾದರೂ ತಪಾಸಣೆ ಮಾಡಬೇಕು ಎಂದಿದೆ. 27ನೇ ಸೆಕ್ಷನ್ನಿಗೆ ಬಂದರೆ, ಪುನರ್ವಸತಿ ಸೇವೆಗಳನ್ನು ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಒದಗಿಸಬೇಕು ಎಂದಿದೆ. ಹುಡುಕುವುದಕ್ಕೆ ಗಡುವು ಉಂಟು, ಕೊಡುವುದಕ್ಕೆ ಕೈಲಾದಷ್ಟು. ಹೀಗಿರುವಾಗ ಹುಡುಕಿದ ಮಕ್ಕಳ ಸಂಖ್ಯೆ ವರದಿಯಲ್ಲಿ ಚೆನ್ನಾಗಿ ಕಾಣುವುದು ಸಹಜ. ಅದರ ಬೆಲೆ ಕೊಡುವುದು ಮಗು.

ಇನ್ನು ಪಟ್ಟಿ ಚಿಕ್ಕದಾಯಿತು ಎಂದು ಖುಷಿ ಪಡುವವರ ಬಗ್ಗೆ ಒಂದು ಮಾತು. ಬಸ್ ಸ್ಟಾಪಿನಲ್ಲಿ ಜನ ಕಡಿಮೆಯಾದರು ಎಂದರೆ ಎಲ್ಲರೂ ಬಸ್ ಹತ್ತಿದರು ಎಂದು ಹೇಳಲು ಬರುವುದಿಲ್ಲ. ಕೆಲವರು ಆಟೋ ಹಿಡಿದಿರುತ್ತಾರೆ, ಕೆಲವರು ಕಾದು ಸಾಕಾಗಿ ಮನೆಗೆ ತಿರುಗಿರುತ್ತಾರೆ. ಥೆರಪಿ ಪಟ್ಟಿಯೂ ಹಾಗೆ ಕರಗುತ್ತದೆ. ಸಾಲ ಮಾಡಿ ಖಾಸಗಿಗೆ ಹೋದವರು, ಬಾಡಿಗೆ ಮನೆ ಬದಲಾಗಿ ಫೋನಿಗೆ ಸಿಗದವರು, ದಿನಗೂಲಿ ಬಿಟ್ಟು ಬರಲು ಆಗದವರು, ಮಗು ಆರು ದಾಟಿತು ಎಂದು ಶಾಲೆ ಕಡೆಗೆ ಕಳಿಸಲ್ಪಟ್ಟವರು. ಇವರೆಲ್ಲರ ಹೆಸರೂ ಹೋಗುತ್ತದೆ, ಪಟ್ಟಿ ಇಳಿಯುತ್ತದೆ. ಆದ್ದರಿಂದ ಎಷ್ಟು ಇಳಿಯಿತು ಎಂದು ಕೇಳಿದರೆ ಸಾಲದು. ಹೆಸರು ಹೋದ ಮಗು ಎಲ್ಲಿ ಹೋಯಿತು ಎಂದೂ ಕೇಳಬೇಕು.

ಪಟ್ಟಿ ಇಳಿಸಲು ಇನ್ನೊಂದು ದಾರಿಯೂ ಇದೆ. ಡಿಇಐಸಿಯ ಮಾರ್ಗಸೂಚಿಯಲ್ಲಿ ಮಾತು ಮತ್ತು ಕಿವಿ ಎರಡಕ್ಕೂ ಒಬ್ಬರೇ. ಹುಟ್ಟಿದ ಮಕ್ಕಳ ಕಿವಿ ತಪಾಸಣೆಯೂ ಅವರದ್ದೇ, ಆಟಿಸಂ ಮಕ್ಕಳ ಥೆರಪಿಯೂ ಅವರದ್ದೇ. ಆ ಒಬ್ಬರು ದಿನಕ್ಕೆ 6 ಮಕ್ಕಳ ಜೊತೆ ಸರಿಯಾಗಿ ಕೂತರು ಎಂದುಕೊಳ್ಳೋಣ. ವಾರದ 6 ದಿನಕ್ಕೆ 36 ಸೆಷನ್. ಮಗುವಿಗೆ ವಾರಕ್ಕೆ ಎರಡು ಸಲ ಬೇಕೆಂದರೆ 18 ಮಕ್ಕಳಿಗೆ ಮುಗಿಯಿತು. ಹತ್ತೊಂಬತ್ತನೇ ಮಗು ಕಾಯಬೇಕು. ಈಗ ಮೇಲಿನಿಂದ "ಪೆಂಡಿಂಗ್ ಕಡಿಮೆ ಮಾಡಿ" ಎಂದು ಒತ್ತಡ ಬಂತು. ಎಲ್ಲರಿಗೂ ಎರಡು ವಾರಕ್ಕೊಮ್ಮೆ ಎಂದು ಮಾಡಿದರೆ ಅದೇ ಒಬ್ಬರ ಕೈಯಲ್ಲಿ 72 ಮಕ್ಕಳು ಹಿಡಿಯುತ್ತಾರೆ. ಪಟ್ಟಿ ಖಾಲಿ. ಪ್ರತಿ ಮಗುವಿಗೆ ಸಿಗುವುದು ಮೊದಲಿನ ಕಾಲು ಭಾಗ. ಹಾಗೆ ಮಾಡಿದ ಥೆರಪಿಸ್ಟ್ ಮೇಲೆ ನನಗೆ ಕೋಪ ಇಲ್ಲ. ಅವರ ಮುಂದೆ ಇಟ್ಟ ಪ್ರಶ್ನೆಯೇ ತಪ್ಪು. ಎರಡನೇ ತಾರೀಖಿನ ಪಕ್ಕದಲ್ಲಿ, ಅಲ್ಲಿಂದ ಮೂರು ತಿಂಗಳಲ್ಲಿ ಎಷ್ಟು ಸೆಷನ್ ಆಯಿತು ಎಂದೂ ಬರೆಸಿದ್ದರೆ ಈ ತೆಳು ಮಾಡುವ ಆಟ ತಕ್ಷಣ ಕಾಣುತ್ತಿತ್ತು. ಎಷ್ಟು ಸೆಷನ್ ಸಾಕು ಎನ್ನುವುದು ಮಗುವಿನಿಂದ ಮಗುವಿಗೆ ಬೇರೆ. ಅದನ್ನು ನೋಡಿದವರೇ ಹೇಳಬೇಕು, ಅಂಕಣದಲ್ಲಿ ಹೇಳಲಾಗದು.

ಹಣ ಇರುವ ದೇಶದಲ್ಲೂ ಇದೇ ತಪ್ಪು ಆಗಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಆಟಿಸಂ ಥೆರಪಿಗೆ ಸರ್ಕಾರವೇ ದುಡ್ಡು ಕೊಡುತ್ತದೆ. ಸೇವೆ ಪಡೆಯುತ್ತಿರುವ ಮಕ್ಕಳಿಗಿಂತ ಕಾಯುತ್ತಿರುವ ಮಕ್ಕಳೇ ಹೆಚ್ಚು ಎಂದು 2013ರಲ್ಲೇ ಅಲ್ಲಿನ ಆಡಿಟರ್ ಜನರಲ್ ವರದಿ ಕೊಟ್ಟಿದ್ದರು. 2019ರಲ್ಲಿ ಪಟ್ಟಿಯಲ್ಲಿ 23,000 ಮಕ್ಕಳಿದ್ದರು. ಹದಿನೆಂಟು ತಿಂಗಳಲ್ಲಿ ಪಟ್ಟಿ ಖಾಲಿ ಮಾಡುತ್ತೇವೆ ಎಂದು ಸರ್ಕಾರ ಹೊರಟಿತು. ಹೇಗೆ ಅಂತೀರಾ? ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 20,000 ಡಾಲರ್‌ವರೆಗೆ, ಅದಕ್ಕಿಂತ ದೊಡ್ಡ ಮಗುವಿಗೆ 5,000 ಡಾಲರ್‌ವರೆಗೆ. ಯಾವ ಮಗುವಿಗೆ ಎಷ್ಟು ಬೇಕು ಎಂದು ನೋಡದೆ, ವಯಸ್ಸು ನೋಡಿ ಹಂಚಿಕೆ. ಹೆಚ್ಚು ಸಹಾಯ ಬೇಕಿದ್ದ ಮಕ್ಕಳಿಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಅಪ್ಪ ಅಮ್ಮಂದಿರು ಬೀದಿಗಿಳಿದರು, ಸರ್ಕಾರ ಯೋಜನೆ ಬದಲಿಸಬೇಕಾಯಿತು. ಪಟ್ಟಿ ಖಾಲಿ ಮಾಡುವುದನ್ನೇ ಗುರಿ ಮಾಡಿಕೊಂಡರೆ ಹೀಗಾಗುತ್ತದೆ.

ಅಮೆರಿಕದಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಇರುವ ಕಾನೂನು ನನಗೆ ಇಷ್ಟ. ಮಗುವನ್ನು ರೆಫರ್ ಮಾಡಿದ 45 ದಿನದೊಳಗೆ ಅಸೆಸ್‌ಮೆಂಟ್ ಮುಗಿಸಿ, ಮನೆಯವರ ಜೊತೆ ಕೂತು ಯೋಜನೆ ಮಾಡಬೇಕು. ಎಷ್ಟು ಮಕ್ಕಳಿಗೆ ಇದು ಹೊತ್ತಿಗೆ ಸರಿಯಾಗಿ ಆಯಿತು, ಎಷ್ಟು ಮಕ್ಕಳಿಗೆ ಸೇವೆ ಸಮಯಕ್ಕೆ ಶುರುವಾಯಿತು ಎಂದು ಪ್ರತಿ ರಾಜ್ಯವೂ ಪ್ರತಿ ವರ್ಷ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು. ಅಲ್ಲೂ ಎಲ್ಲವೂ ನೆಟ್ಟಗಿಲ್ಲ. ಇಂಡಿಯಾನಾ ರಾಜ್ಯದ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಆಟಿಸಂ ಥೆರಪಿಗೆ ಕನಿಷ್ಠ 5.6 ಕೋಟಿ ಡಾಲರ್ ತಪ್ಪಾಗಿ ಪಾವತಿಯಾಗಿದೆ ಎಂದು 2024ರ ಕೊನೆಯಲ್ಲಿ ಕೇಂದ್ರದ ಆಡಿಟ್ ಹೇಳಿತು. ಸೆಷನ್ ಬಗ್ಗೆ ಬರೆದಿಟ್ಟದ್ದು ಸರಿ ಇಲ್ಲ ಎಂಬುದೂ ಅದರಲ್ಲಿ ಒಂದು ದೂರು. ನಮ್ಮ ವೃತ್ತಿಯವರು ಇದನ್ನು ಗಮನಿಸಬೇಕು. "ಸೆಷನ್ ಆಯಿತು" ಎಂದು ಒಂದು ಸಾಲು ಗೀಚುವುದು ದಾಖಲೆ ಆಗುವುದಿಲ್ಲ. ಯಾರು ಕೂತರು, ಎಷ್ಟು ಹೊತ್ತು, ಮಗು ಏನು ಮಾಡಿತು ಎಂದು ಬರೆಯಬೇಕು. ಸರ್ಕಾರವನ್ನು ಲೆಕ್ಕ ಕೇಳುವವರು ನಾವೂ ಲೆಕ್ಕ ಕೊಡಬೇಕು, ಅಲ್ವಾ?

ನಮ್ಮಲ್ಲಿ ಗಡುವು ಹಾಕುವ ಅಭ್ಯಾಸ ಇಲ್ಲದೆ ಇಲ್ಲ. ಕರ್ನಾಟಕದ ಸಕಾಲ ಕಾಯ್ದೆ 2011ರದ್ದು. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಒಂದು ನಂಬರ್ ಬರುತ್ತದೆ, ಇಷ್ಟು ದಿನ ಎಂಬ ಗಡುವು ಇರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬಹುದು. ದುಡ್ಡು ಚಿಕ್ಕದು. ಆದರೆ ಅರ್ಜಿ ಎಂದು ಬಂತು, ಎಂದು ಮುಗಿಯಿತು ಎಂದು ಯಾರು ಬೇಕಾದರೂ ನೋಡಬಹುದು. ಒಂದು ಕಾಗದಕ್ಕೆ ಇರುವ ಈ ಎರಡು ತಾರೀಖು ಮೂರು ವರ್ಷದ ಮಗುವಿನ ಥೆರಪಿಗೂ ಇರಲಿ ಎಂದಷ್ಟೇ ನಾನು ಕೇಳುತ್ತಿರುವುದು.

ಈಗ ಮನೆಯವರಿಗೆ. ಮೊದಲನೆಯದು, ಚೀಟಿ ಬಿಸಾಡಬೇಡಿ. ಅಂಗನವಾಡಿ ಟೀಚರ್ ಬಾಯಲ್ಲಿ ಹೇಳಿದ್ದರೂ ಆ ದಿನವನ್ನು ತಾಯಿ ಕಾರ್ಡಿನ ಹಿಂದೆಯಾದರೂ ಬರೆದಿಟ್ಟುಕೊಳ್ಳಿ. ಕೇಂದ್ರದಲ್ಲಿ ಹೆಸರು ಬರೆಸಿದಾಗ "ಎಷ್ಟನೇ ನಂಬರ್" ಎಂದು ಮಾತ್ರ ಕೇಳಬೇಡಿ. ನಂಬರ್ ನಿಮಗೆ ಸಮಾಧಾನ ಕೊಡುತ್ತದೆ, ಮಾಹಿತಿ ಕೊಡುವುದಿಲ್ಲ. "ಈಗ ಥೆರಪಿ ಶುರುವಾದ ಮಗು ಯಾವ ತಿಂಗಳಲ್ಲಿ ಹೆಸರು ಬರೆಸಿತ್ತು" ಎಂದು ಕೇಳಿ. ಆ ಉತ್ತರದಿಂದ ನೀವು ಎಷ್ಟು ಕಾಯಬೇಕು ಎಂದು ಅಂದಾಜು ಸಿಗುತ್ತದೆ.

ವಿಕಲತೆ ಎಷ್ಟು ಪರ್ಸೆಂಟ್ ಎಂದು ಹೇಳುವ ಪ್ರಮಾಣಪತ್ರದ ಬಗ್ಗೆಯೂ ಒಂದು ಗೊಂದಲ ಇದೆ. "40 ಪರ್ಸೆಂಟ್ ಬಂದಮೇಲೆ ಥೆರಪಿ ಶುರು ಮಾಡೋಣ ಅಂತ ಇದ್ದೀವಿ" ಎಂದು ಹೇಳುವವರು ಈಗಲೂ ಬರುತ್ತಾರೆ. 40 ಪರ್ಸೆಂಟ್ ಬೇಕಾಗುವುದು 2016ರ ವಿಕಲಚೇತನರ ಕಾಯ್ದೆಯ ಕೆಲವು ಸೌಲಭ್ಯಗಳಿಗೆ. ಮಾತು ಬಾರದ ಮಗುವಿನ ಜೊತೆ ಕೆಲಸ ಶುರು ಮಾಡಲು ಯಾವ ಪರ್ಸೆಂಟೂ ಬೇಡ. ಕೇಂದ್ರದವರು ಬೇಕು ಎಂದರೆ, ಯಾವ ಆದೇಶದ ಪ್ರಕಾರ ಎಂದು ಬರಹದಲ್ಲಿ ಕೇಳಿ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೆ ಅದು ಬೇಕಾಗುತ್ತದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಗೂ ಒಂದು ಪಾಲಿದೆ. ಎರಡೂ ಒಟ್ಟೊಟ್ಟಿಗೆ ನಡೆಯಲಿ.

ಕಾಯುವ ದಿನಗಳಲ್ಲಿ ಸುಮ್ನೆ ಕೂರಬೇಡಿ. ನನಗೆ ಗೊತ್ತಿರುವ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುವಾಗ ಮೊಮ್ಮಗಳನ್ನು ಎದುರು ಕೂರಿಸಿಕೊಳ್ಳುತ್ತಿದ್ದರು. ಒಂದು ಕಾಯಿ ಕೊಟ್ಟು ನಿಲ್ಲಿಸುವುದು, ಮಗು ಕೈ ಚಾಚುವವರೆಗೆ ಕಾಯುವುದು, "ಕೊಡು" ಎಂದು ತಾವೇ ಹೇಳಿ ಇನ್ನೊಂದು ಕೊಡುವುದು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನಾನು ಮೊದಲ ಸೆಷನ್ನಿಗೆ ಕೂತಾಗ ಆ ಮಗುವಿಗೆ ಕೈ ಚಾಚಿ ಕೇಳುವುದು ಆಗಲೇ ಬರುತ್ತಿತ್ತು. ಇದು ಥೆರಪಿಗೆ ಬದಲಿ ಆಗುವುದಿಲ್ಲ, ಎಲ್ಲ ಮಕ್ಕಳಲ್ಲೂ ಹೀಗೇ ಆಗುತ್ತದೆ ಎಂದೂ ಹೇಳಲಾರೆ. ಮನೆಯಲ್ಲಿ ಏನು ಮಾಡಬಹುದು ಎಂದು ಹೆಸರು ಬರೆಸುವ ದಿನವೇ ಅಲ್ಲಿನ ಥೆರಪಿಸ್ಟ್ ಹತ್ತಿರ ಐದು ನಿಮಿಷ ಕೇಳಿ. ತಡವಾಗಿ ಬಂದವರು ಎದೆಗುಂದಬೇಕಿಲ್ಲ. ಐದು ವರ್ಷಕ್ಕೆ, ಏಳು ವರ್ಷಕ್ಕೆ ಬಂದ ಮಕ್ಕಳೂ ಕಲಿಯುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ನಾಲ್ಕು ಮನೆಯವರು ಸೇರಿದರೆ ಇನ್ನೂ ಒಂದು ಕೆಲಸ ಮಾಡಬಹುದು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಕಳೆದ ವರ್ಷ ಎಷ್ಟು ಮಕ್ಕಳು ರೆಫರ್ ಆದರು, ಅವರಲ್ಲಿ ಎಷ್ಟು ಮಕ್ಕಳಿಗೆ ಮೂರು ತಿಂಗಳೊಳಗೆ ಮೊದಲ ಥೆರಪಿ ಸಿಕ್ಕಿತು, ಥೆರಪಿ ಸಿಗದೆಯೇ ಎಷ್ಟು ಹೆಸರು ಪಟ್ಟಿಯಿಂದ ಹೋದವು ಎಂದು ಕೇಳಿ. ಸಂಖ್ಯೆ ಮಾತ್ರ ಕೇಳಿ, ಬೇರೆ ಮಕ್ಕಳ ಹೆಸರು ಕೇಳಬೇಡಿ. ಅದು ಅವರ ಖಾಸಗಿ ವಿಷಯ. "ಈ ಮಾಹಿತಿ ಇಟ್ಟಿಲ್ಲ" ಎಂಬ ಉತ್ತರ ಬರಬಹುದು. ಆ ಉತ್ತರವನ್ನೂ ಎಸೆಯಬೇಡಿ. 2016ರ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ವಿಕಲಚೇತನರಿಗೆ ಸಂಬಂಧಪಟ್ಟ ಯೋಜನೆಗಳಿಗೆ ಸರ್ಕಾರ ಸಾಮಾಜಿಕ ಪರಿಶೋಧನೆ ಮಾಡಬೇಕು. ತಾರೀಖೇ ಇಲ್ಲದ ರಿಜಿಸ್ಟರಿನಲ್ಲಿ ಯಾರು ಏನನ್ನು ಪರಿಶೋಧಿಸಲು ಸಾಧ್ಯ? ಈ ಪ್ರಶ್ನೆಯನ್ನು ಆ ಉತ್ತರದ ಜೊತೆ ಇಟ್ಟು ವಿಕಲಚೇತನರ ರಾಜ್ಯ ಆಯುಕ್ತರಿಗೆ ಕಳಿಸಿ. ಸರ್ಕಾರ ಕೊಟ್ಟ ಹಣ ಹೇಗೆ ಖರ್ಚಾಯಿತು ಎಂದು ನೋಡುವುದು ಕಾಯ್ದೆಯೇ ಅವರಿಗೆ ಒಪ್ಪಿಸಿದ ಕೆಲಸ. ಅವರು ಒಂದು ಇಲಾಖೆಗೆ ಶಿಫಾರಸು ಮಾಡಿದರೆ, ಏನು ಕ್ರಮ ಕೈಗೊಂಡೆವು ಎಂದು ಆ ಇಲಾಖೆ ಮೂರು ತಿಂಗಳೊಳಗೆ ಅವರಿಗೆ ತಿಳಿಸಬೇಕು.