ಎರಡು ವ್ಯಾಗನ್ ಗಿರಾಕಿಯ ಪಾಡು

ಅಮೆರಿಕದಲ್ಲಿ ನೂರಕ್ಕೂ ಜಾಸ್ತಿ ವ್ಯಾಗನ್ ಇರುವ ಗೂಡ್ಸ್ ರೈಲು ಮಾಮೂಲು. ಪೂರ್ತಿ ರೈಲಿಗೆ ಕಲ್ಲಿದ್ದಲೋ ಗೋಧಿಯೋ ತುಂಬಿದರೆ ರೈಲ್ವೆ ಕಂಪನಿಗೆ ಸಲೀಸು. ವಾರಕ್ಕೆ ಎರಡೇ ವ್ಯಾಗನ್ ಹಲಗೆ ತರಿಸುವವನ ಕಥೆ ಬೇರೆ. ಅವನ ಸೈಡಿಂಗ್‌ವರೆಗೆ, ಅಂದರೆ ಅವನ ಜಾಗಕ್ಕೆ ಹೋಗುವ ಪಕ್ಕದ ಹಳಿಯವರೆಗೆ, ಒಂದು ಎಂಜಿನ್ ಬರಬೇಕು. ವ್ಯಾಗನ್‌ಗಳನ್ನು ಯಾರ್ಡ್‌ನಲ್ಲಿ ವಿಂಗಡಿಸಬೇಕು, ಮತ್ತೆ ಜೋಡಿಸಬೇಕು. ಕೆಲಸ ಜಾಸ್ತಿ, ಲಾಭ ಕಡಿಮೆ.

ದೊಡ್ಡ ಗಿರಾಕಿ, ಸಣ್ಣ ಗಿರಾಕಿ ಎಂಬ ಈ ಜಗಳ ಇವತ್ತಿನದಲ್ಲ. 19ನೇ ಶತಮಾನದಲ್ಲಿ ರೈಲ್ವೆಗಳು ಸ್ಟ್ಯಾಂಡರ್ಡ್ ಆಯಿಲ್ ಎಂಬ ತೈಲ ಕಂಪನಿಯಂಥ ದೊಡ್ಡ ಗಿರಾಕಿಗಳಿಗೆ ಗುಟ್ಟಾಗಿ ಹಣ ವಾಪಸ್ ಕೊಡುತ್ತಿದ್ದವು. ಒಂದೇ ಕಂಪನಿಯ ಹಳಿ ಇದ್ದ ಊರಿನ ರೈತರು ಹತ್ತಿರಕ್ಕೆ ಕಳಿಸಿದರೂ ದೂರದ ಸಾಗಣೆಗಿಂತ ಜಾಸ್ತಿ ತೆರಬೇಕಾಗುತ್ತಿತ್ತು. ಸಿಟ್ಟು ಬರದೇ ಇರುತ್ತಾ? 1887ರಲ್ಲಿ ಕಾನೂನು ಬಂತು: ದರ ಎಲ್ಲರಿಗೂ ಕಾಣುವಂತಿರಬೇಕು, ತಾರತಮ್ಯ ಕೂಡದು.

ಮುಂದೆ ಲಾರಿ, ಹೆದ್ದಾರಿ ಬಂದವು. ದರದ ಕಟ್ಟುಪಾಡಿನಲ್ಲಿ ರೈಲ್ವೆಗಳು ಸೊರಗಿದವು. 1970ರಲ್ಲಿ ಪೆನ್ ಸೆಂಟ್ರಲ್ ಎಂಬ ದೊಡ್ಡ ರೈಲ್ವೆ ಕಂಪನಿಯೇ ದಿವಾಳಿಯೆದ್ದಿತು. 1980ರ ಸ್ಟ್ಯಾಗರ್ಸ್ ಕಾನೂನು ಕಟ್ಟು ಸಡಿಲಿಸಿತು. ಗಿರಾಕಿ ಜತೆ ಗುಟ್ಟಿನ ಒಪ್ಪಂದಕ್ಕೂ ಅವಕಾಶ ಸಿಕ್ಕಿತು. 1887ರಲ್ಲಿ ಹೊರಗೆ ಹಾಕಿದ್ದ ಗುಟ್ಟು ಈಗ ಮುಂಬಾಗಿಲಿನಿಂದ ಬಂತು, ಅಲ್ವಾ? ಆದರೆ ಈ ಕಾನೂನು ಇಲ್ಲದಿದ್ದರೆ ರೈಲ್ವೆ ಉಳಿಯುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ. ಬೆಲೆಯೇರಿಕೆ ಕಳೆದು ನೋಡಿದರೆ ಸರಾಸರಿ ದರ ಶೇ 40ಕ್ಕಿಂತ ಜಾಸ್ತಿ ಇಳಿಯಿತು. ದೊಡ್ಡ ರೈಲ್ವೆಗಳು ಬಿಟ್ಟ ಕವಲು ಹಳಿಗಳಲ್ಲಿ ಎಷ್ಟನ್ನೋ 'ಶಾರ್ಟ್ ಲೈನ್' ಎಂಬ ಪುಟ್ಟ ಕಂಪನಿಗಳು ವಹಿಸಿಕೊಂಡವು. ಈಗ ಅಂಥವು ಸುಮಾರು 600 ಇವೆ. ಒಂದೆರಡು ವ್ಯಾಗನ್‌ಗೂ ಇವು ಬರುತ್ತವೆ. ಆದರೆ ದೂರದ ಪ್ರಯಾಣಕ್ಕೆ ದೊಡ್ಡ ರೈಲ್ವೆಯ ಕೈಗೇ ಒಪ್ಪಿಸಬೇಕು.

ಆ ದೊಡ್ಡವು 1980ರಲ್ಲಿ ಸುಮಾರು 40 ಇದ್ದವು. ಒಂದನ್ನೊಂದು ನುಂಗುತ್ತಾ 2023ಕ್ಕೆ ಆರಾದವು. ರೈಲ್ವೆ ಕಂಪನಿಗಳ ಮುಖ್ಯಸ್ಥರಾಗಿದ್ದ ಹಂಟರ್ ಹ್ಯಾರಿಸನ್ ಬೆಳೆಸಿದ ಹೊಸ ಪದ್ಧತಿಯೂ ಹಬ್ಬಿತು: ಕಡಿಮೆ ಯಾರ್ಡ್, ಉದ್ದನೆಯ ರೈಲು, ಕಡಿಮೆ ಸಿಬ್ಬಂದಿ. ಆರು ವರ್ಷದಲ್ಲಿ ಸುಮಾರು 45,000 ಕೆಲಸ ಹೋಯಿತು ಎಂದು ರೈಲ್ವೆ ನಿಯಂತ್ರಣ ಮಂಡಳಿಯ ಆಗಿನ ಅಧ್ಯಕ್ಷ ಮಾರ್ಟಿನ್ ಓಬರ್‌ಮನ್ 2022ರಲ್ಲಿ ಹೇಳಿದರು. ವ್ಯಾಗನ್ ತಡವಾದರೆ ಸಣ್ಣವನ ಕಾರ್ಖಾನೆ ಸುಮ್ನೆ ನಿಲ್ಲುತ್ತದೆ. ಆಮೇಲೆ ಎಲ್ಲ ಒಟ್ಟಿಗೇ ಬಂದು, ಖಾಲಿ ಮಾಡುವುದು ತಡವಾದರೆ ಡೆಮರೇಜ್ ಎಂಬ ತಡದ ದಂಡ ಕಟ್ಟುವವನೂ ಅವನೇ.

ದರ ಜಾಸ್ತಿಯಾಯಿತು ಎಂದು ದೊಡ್ಡ ದಾವೆ ಹೂಡಿದರೆ ಲಕ್ಷಾಂತರ ಡಾಲರ್ ಖರ್ಚು. ಸಣ್ಣವರಿಗಾಗಿ ಮಂಡಳಿ 2022ರಲ್ಲಿ ಸರಳ ದಾರಿಯೊಂದನ್ನು ತಂದಿತು. 2024ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಸೇವೆ ಕೆಟ್ಟರೆ ಬೇರೆ ರೈಲ್ವೆಯನ್ನು ಕೇಳಬಹುದು ಎಂಬ ಇನ್ನೊಂದು ನಿಯಮವೂ 2025ರ ಜುಲೈನಲ್ಲಿ ಕೋರ್ಟಿನಲ್ಲೇ ಬಿತ್ತು. ಅದೇ ತಿಂಗಳು ಆ ಆರರಲ್ಲಿ ಒಂದಾದ ಯೂನಿಯನ್ ಪೆಸಿಫಿಕ್, ಇನ್ನೊಂದಾದ ನಾರ್ಫೋಕ್ ಸದರ್ನ್ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು.