ಸ್ಪೀಕರ್ ಬೆನ್ನಿನ ವಾಟ್ ಸದ್ದಿನ ಲೆಕ್ಕವಲ್ಲ

ಗಿಟಾರ್ ಆಂಪ್‌ನ (ಗಿಟಾರ್ ಸದ್ದನ್ನು ಏರಿಸುವ ಪೆಟ್ಟಿಗೆಯ) ಸ್ಪೀಕರ್ ಹಾಳಾದರೆ ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳೋದು "ಇದು ಎಷ್ಟು ವಾಟ್?" ಅಂತ. 15 ವಾಟ್‌ನದು ತೆಗೆದು 60 ವಾಟ್‌ನದು ಹಾಕಿದರೆ ಸದ್ದು ನಾಲ್ಕು ಪಟ್ಟು ಬರುತ್ತದೆ ಅನ್ನುವ ನಂಬಿಕೆ ಬಹಳ ಗಟ್ಟಿಯಾಗಿದೆ. ಇದು ಶುದ್ಧ ತಪ್ಪು. ಸ್ಪೀಕರ್ ಮೇಲೆ ಬರೆದ ವಾಟ್, ಅದು ಎಷ್ಟು ಬಿಸಿ ತಾಳುತ್ತದೆ ಅನ್ನುವುದರ ಲೆಕ್ಕ. ಸದ್ದಿನ ಲೆಕ್ಕ ಬೇರೆಯೇ ಇದೆ.

ಇಂಗ್ಲೆಂಡಿನ ಸೆಲೆಸ್ಚನ್ ಕಂಪನಿಯ ಎರಡು 12 ಇಂಚಿನ ಸ್ಪೀಕರ್ ತಗೊಳ್ಳಿ. ಬ್ಲೂ 15 ವಾಟ್‌ನದು, ಗ್ರೀನ್‌ಬ್ಯಾಕ್ 25 ವಾಟ್‌ನದು. ಎರಡಕ್ಕೂ 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಸದ್ದಿನ ಮಟ್ಟ: ಬ್ಲೂ 100 ಡೆಸಿಬಲ್, ಗ್ರೀನ್‌ಬ್ಯಾಕ್ 98 ಡೆಸಿಬಲ್. ಕಡಿಮೆ ವಾಟ್‌ನದೇ ಜೋರು! 3 ಡೆಸಿಬಲ್ ಜಾಸ್ತಿ ಸಿಕ್ಕಿತು ಅಂದರೆ ಆಂಪ್‌ನ ಶಕ್ತಿ ದುಪ್ಪಟ್ಟಾದ ಹಾಗೆ. ಹಾಗಾಗಿ ಸದ್ದು ಬೇಕಿದ್ದರೆ ಕೊಳ್ಳುವಾಗ ನೋಡಬೇಕಾದದ್ದು 1 ವಾಟ್‌ಗೆ ಎಷ್ಟು ಡೆಸಿಬಲ್ ಅನ್ನುವ ಅಂಕಿ. ಅದರ ಹೆಸರು ಸೆನ್ಸಿಟಿವಿಟಿ.

100 ಡೆಸಿಬಲ್‌ನ ಸ್ಪೀಕರ್ ಕೂಡ ತನಗೆ ಬಂದ ವಿದ್ಯುತ್ತಿನಲ್ಲಿ ನೂರಕ್ಕೆ ಆರರಷ್ಟನ್ನು ಮಾತ್ರ ಸದ್ದಾಗಿಸುತ್ತದೆ. ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಬಿಸಿಯೇ. ಅದು ಏರುವುದು ಅಯಸ್ಕಾಂತದ ಸಂದಿಯಲ್ಲಿ ಕೂತಿರುವ ವಾಯ್ಸ್ ಕಾಯಿಲ್ ಅನ್ನುವ ತಂತಿ ಸುರುಳಿಗೆ. ಮಿತಿ ಮೀರಿದರೆ ಅಂಟು ಬಿಡುತ್ತದೆ, ಸುರುಳಿ ಸೊಟ್ಟಗಾಗುತ್ತದೆ. ಕೋನ್‌ನ (ಸ್ಪೀಕರ್ ಮುಂದಿನ ಕಾಗದದ ಆಲಿಕೆಯ) ಎರಡೂ ಬದಿ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ ನೋಡಿ. ಒಳಗೆ ಕರಕರ ಉಜ್ಜಿದರೆ ಕಾಯಿಲ್ ಕೆಟ್ಟಿದೆ ಅಂತಲೇ ತಿಳಿಯಿರಿ.

ಇನ್ನು ದನಿಯ ಬಣ್ಣ. ಅದು ಬಹುಪಾಲು ಹುಟ್ಟುವುದು ಕಾಗದದ ಕೋನ್‌ನಲ್ಲಿ. ನನಗೆ ಇದರಷ್ಟು ಚಂದದ ಸಂಗತಿ ಇನ್ನೊಂದಿಲ್ಲ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಕಾಯಿಲ್, ಕೋನ್, ಅಯಸ್ಕಾಂತದ ಈ ಏರ್ಪಾಟನ್ನು ಲೋಕದ ಮುಂದಿಟ್ಟರು. ಇವತ್ತಿಗೂ ಮೂಲ ವಿನ್ಯಾಸ ಅದೇ. ಮನೆಯಲ್ಲಿ ಹಾಡು ಕೇಳುವ ಸ್ಪೀಕರ್‌ನಲ್ಲಿ ಕೋನ್ ಬಾಗದೆ ಇಡಿಯಾಗಿ ಹಿಂದೆ ಮುಂದೆ ಹೋಗಬೇಕು. ಗಿಟಾರ್ ಸ್ಪೀಕರ್‌ನಲ್ಲಿ ಅದು ಬಾಗಲೇಬೇಕು! ಒಗೆದ ಸೀರೆಯನ್ನು ಇಬ್ಬರು ಹಿಡಿದು ನಿಧಾನಕ್ಕೆ ಎತ್ತಿ ಇಳಿಸಿದರೆ ಇಡೀ ಸೀರೆ ಒಟ್ಟಿಗೆ ಏಳುತ್ತದೆ. ಜೋರಾಗಿ ಕೊಡವಿದರೆ ಒಂದು ಕಡೆ ಏಳುವಾಗ ಇನ್ನೊಂದು ಕಡೆ ಇಳಿಯುತ್ತದೆ. ಕೋನ್‌ನ ಕಥೆಯೂ ಇದೇ. ಮಂದ್ರ ಸ್ವರಕ್ಕೆ ಅದು ಒಂದಾಗಿ ಚಲಿಸುತ್ತದೆ. ಸ್ವರ ಸಾವಿರ ಹರ್ಟ್ಜ್ (ಸೆಕೆಂಡಿಗೆ ಸಾವಿರ ಕಂಪನ) ದಾಟಿದ ಮೇಲೆ ತುಂಡು ತುಂಡಾಗಿ ಅದುರುತ್ತದೆ. ಕೆಲವು ಸ್ವರ ಎದ್ದು ಬರುತ್ತವೆ, ಕೆಲವು ಅಡಗುತ್ತವೆ. 5000 ಹರ್ಟ್ಜ್ ಆಚೆಗೆ ಸದ್ದು ದಡಕ್ಕನೆ ಕುಸಿಯುತ್ತದೆ. ಡಿಸ್ಟಾರ್ಷನ್ ಹಾಕಿದ, ಅಂದರೆ ಬೇಕಂತಲೇ ದನಿ ಒಡೆಸಿದ, ಗಿಟಾರ್‌ನ ಕಿವಿ ಕೊರೆಯುವ ಕರ್ಕಶವೆಲ್ಲ ಇರುವುದು ಅಲ್ಲೇ. ಸುಮ್ನೆ ಕಾರಿನ ಸ್ಪೀಕರ್ ಹಾಕಿಕೊಂಡರೆ ಆ ಕರ್ಕಶವೂ ಪೂರ್ತಿ ಹೊರಬರುತ್ತದೆ.

1964ರಲ್ಲಿ ಲಂಡನ್ನಿನ ಕಿಂಕ್ಸ್ ರಾಕ್ ತಂಡದ ಡೇವ್ ಡೇವಿಸ್, ಆಗಿನ್ನೂ 17ರ ಹುಡುಗ, ತನ್ನ ಪುಟ್ಟ ಆಂಪ್‌ನ ಕೋನನ್ನೇ ಬ್ಲೇಡಿನಿಂದ ಸೀಳಿ ಹೊಸ ದನಿ ಹುಟ್ಟಿಸಿದ. ಕಾಗದಕ್ಕೆ ಅಷ್ಟು ಶಕ್ತಿ ಇದೆ.

ಇನ್ನು ಹೊಸ ಸ್ಪೀಕರ್ ಆರಿಸುವ ಮಾತು. ಮೊದಲು ಓಮ್, ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆ, ಹೊಂದಿಸಿ. ಟ್ಯೂಬ್ ಆಂಪ್ (ಗಾಜಿನ ವಾಲ್ವ್ ಇರುವ ಹಳೆ ಬಗೆಯದು) 8 ಓಮ್ ಕೇಳಿದರೆ 8 ಓಮ್‌ನದೇ ಹಾಕಿ. ಟ್ರಾನ್ಸಿಸ್ಟರ್ ಆಂಪ್ ಆದರೆ ಹೇಳಿದ್ದಕ್ಕಿಂತ ಕಡಿಮೆ ಓಮ್ ಬೇಡ, ಕರೆಂಟ್ ಜಾಸ್ತಿ ಎಳೆದು ಆಂಪ್ ಸುಡಬಹುದು. 8 ಓಮ್‌ನ ಸ್ಪೀಕರ್ ಮಲ್ಟಿಮೀಟರ್‌ನಲ್ಲಿ 6 ಅಥವಾ 7 ತೋರಿಸಿದರೆ ಗಾಬರಿ ಬೇಡ. ಮೀಟರ್ ಅಳೆಯುವುದು ತಂತಿಯ ಡಿಸಿ ರೋಧವನ್ನು ಮಾತ್ರ. ಆಮೇಲೆ ವಾಟ್. 30 ವಾಟ್‌ನ ಆಂಪನ್ನು ಪೂರ್ತಿ ಏರಿಸಿ ಡಿಸ್ಟಾರ್ಟ್ ಮಾಡಿದರೆ ಅದು 30ಕ್ಕಿಂತ ಹೆಚ್ಚೇ ಹೊರಹಾಕುತ್ತದೆ. ಒಂದೇ ಸ್ಪೀಕರ್ ಇದ್ದರೆ 50, 60 ವಾಟ್‌ನದು ಇರಲಿ. ಅದು ಬಿಸಿ ತಾಳುವುದಕ್ಕೆ, ಸದ್ದಿಗಲ್ಲ.

ಹಳೆಯದನ್ನು ಬಿಚ್ಚಿ ಹೊಸದು ಕೂರಿಸುವ ತನಕ ಟ್ಯೂಬ್ ಆಂಪ್ ಆನ್ ಮಾಡಲೇಬೇಡಿ. ಸ್ಪೀಕರ್ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಸುರುಳಿ ಸುಟ್ಟುಹೋಗಬಹುದು. ಆಮೇಲೆ ಅದನ್ನೂ ಬದಲಿಸಬೇಕಾಗುತ್ತದೆ.